ಮುಂಬಯಿಯಿಂದ ಬಂದ ಹಾಲೆಳೆಯುವ ಯಂತ್ರಕ್ಕೆ ಹುಕ್ಕೇರಿಯ ಬಾಣಂತಿಯ ಬಿನ್ನಹ

ಹುಕ್ಕೇರಿ, ಕಾರ್ತಿಕ ಮಾಸ, ೧೯೩೬

ಮುಂಬಯಿಯಲ್ಲಿ ಗಾಜಿನ ಕುಲದಲ್ಲಿ ಜನಿಸಿ, ಬೆನ್ನಿಗೆ ಕೆಂಪು ರಬ್ಬರಿನ ಚಂಡು ಕಟ್ಟಿಕೊಂಡು, ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ರೈಲಿಳಿದು, ಅಲ್ಲಿಂದ ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ನಮ್ಮೂರಿಗೆ ದಯಮಾಡಿಸಿದ ಹಾಲೆಳೆಯುವ ಯಂತ್ರ ಮಹಾಶಯರ ಸನ್ನಿಧಿಗೆ, ಪೇಟೆಯ ಅರಿವೆ ಅಂಗಡಿಯವರ ಮನೆಯ ಬಾಣಂತಿ ಸಾವಿತ್ರವ್ವನ ಶರಣು ಶರಣಾರ್ಥಿಗಳು.

ಮಾನ್ಯರೇ,

ನಾವು ಇಲ್ಲಿ ಕ್ಷೇಮ. ತಾವೂ ಗೋಡೆಯ ಗೂಡಿನಲ್ಲಿ ಅರಿಷಿಣದ ಡಬ್ಬಿಯ ಬಾಜೂಕ್ಕೆ ಕ್ಷೇಮವಾಗಿರುವುದನ್ನು ಹಾಸಿಗೆಯಿಂದಲೇ ನೋಡುತ್ತಿದ್ದೇನೆ. ಕಣ್ಣೆದುರಿಗೆ ಕುಳಿತವರಿಗೆ ಪತ್ರ ಬರೆಯುವುದು ಸಭ್ಯತೆಯಲ್ಲವೆಂದು ಬಲ್ಲೆ. ಆದರೆ ಬಾಯಿಬಿಟ್ಟು ಹೇಳಿಕೊಂಡದ್ದರಲ್ಲಿ ಒಂದನ್ನೂ ತಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಓಣಿಯವರೆಲ್ಲ ತಮ್ಮ ದರ್ಶನ ಮಾಡಿಕೊಂಡು ಹೋಗಿರುವುದರಿಂದ ಈ ಪತ್ರವನ್ನೂ ಅವರೆಲ್ಲರ ಮುಂದೆಯೇ ಇಡುತ್ತಿದ್ದೇನೆ.

ತಮ್ಮನ್ನು ಕರೆಸಿಕೊಂಡ ಕಾರಣ ತಮಗೆ ಯಾರೂ ಹೇಳಿರಲಾರರು. ಮೂಡಲಗಿಯ ನನ್ನ ತವರಿನವರು ಬಸುರಿಯ ಕುಬಸದ ಶಾಸ್ತ್ರಕ್ಕೆಂದು ಹಸಿರು ಸೀರೆ ತೆಗೆದಿಟ್ಟು ಒಳ್ಳೆಯ ದಿನ ಹುಡುಕುತ್ತಿರುವಾಗಲೇ, ಯಾರ ಪಂಚಾಂಗಕ್ಕೂ ಕಾಯದೆ ಏಳನೆಯ ತಿಂಗಳಿಗೇ ನನ್ನ ಮಗಳು ಹುಟ್ಟಿಬಿಟ್ಟಳು. ತವರಿನಲ್ಲಿ ಆಗಬೇಕಾದ ಚೊಚ್ಚಲ ಬಾಣಂತನ ಹೀಗೆ ಅತ್ತೆ ಯಮನವ್ವನವರ ಪಾಲಿಗೆ ಬಂತು. ಕೂಸನ್ನು ಅರಳೆಯಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿ, ಹತ್ತಿರ ಕೆಂಡ ಇಟ್ಟರು. ಮಠದ ಅಯ್ಯನವರು ತಂದ ಲಿಂಗ ಆ ಕೊರಳಿಗೆ ಭಾರವಾದೀತೆಂದು ಮೊರದ ಅಂಚಿಗೆ ಕಟ್ಟಿದರು. ಎದೆಗೆ ಹಚ್ಚಿದರೆ ಬಾಯಿ ತೆರೆಯುತ್ತಿದ್ದಳು, ಎಳೆಯಲು ತ್ರಾಣವಿರಲಿಲ್ಲ. ಸೂಲಗಿತ್ತಿ ಸಾತವ್ವ ನೋಡಿ, "ಇದಕ್ಕ ಜಗ್ಗಾಕ ಆಗೂದಿಲ್ರಿ. ತಾಯಿ ಹಾಲು ಹಿಂಡಿ, ಅರಳಿ ಬತ್ತೀಲೆ ಹನಿ ಹನಿ ಬಿಡ್ರಿ. ಹಾಲು ಸಿಕ್ರ ಉಳೀತೈತ್ರಿ" ಎಂದಳು. ಹಿಂಡಿದರೆ ಬತ್ತಿಯ ತುದಿ ನೆನೆಯುವಷ್ಟೂ ಬರಲಿಲ್ಲ. ಕೂಸು ಕೈಬಿಟ್ಟು ಹೋದೀತೆಂಬ ಹೆದರಿಕೆಗೆ ನನ್ನ ಮೈಯೇ ಕಲ್ಲಾಗಿಬಿಟ್ಟಿತ್ತು.

ಮನೆಯವರು ಕೈಕಟ್ಟಿ ಕೂರಲಿಲ್ಲ. ಆಡಿನ ಹಾಲು ಕಾಸಿ, ನೀರು ಬೆರೆಸಿ, ಚೂರು ಕಲ್ಲುಸಕ್ಕರೆ ಕರಗಿಸಿ ಕೂಸಿಗೆ ಹನಿಸಿದರು. ಅವಳು ಅರ್ಧ ನುಂಗಿ ಅರ್ಧ ಕಕ್ಕುತ್ತಿದ್ದಳು. ನನಗಂತೂ ಹಾಲು ಇಳಿಯಲೆಂದು ಅಳವಿಯ ಪಾಯಸ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಚಟ್ನಿ, ಗೋಕಾಕದ ಕರದಂಟು. ನೋಡಲು ಬಂದವರೆಲ್ಲ ತಮ್ಮ ತಮ್ಮ ಮನೆತನದ ಖಾಸಾ ಉಂಡಿ ಕಟ್ಟಿ ತಂದು, ನಾನು ನುಂಗುವವರೆಗೂ ಎದುರಿಗೆ ಕುಳಿತಿರುತ್ತಿದ್ದರು. ತಿಂದದ್ದೆಲ್ಲ ನನ್ನ ಗಲ್ಲಕ್ಕೆ ಹೋಯಿತೇ ಹೊರತು ಎದೆಗೆ ಬರಲಿಲ್ಲ.

ಆಗ ನಮ್ಮ ಯಜಮಾನರು (ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ, ತಾವು ಪಾರ್ಸಲ್ಲಿನ ಮೇಲೆ ಓದಿಕೊಂಡೇ ಬಂದಿದ್ದೀರಿ) ಪತ್ರಿಕೆಯೊಂದರಲ್ಲಿ ತಮ್ಮ ಭಾವಚಿತ್ರ ಕಂಡು ಮರುಳಾಗಿ ತಮಗೆ ಆಮಂತ್ರಣ ಕಳಿಸಿದರು. ತಾವು ಬಂದ ದಿನ ಕಾಯಿ ಒಡೆದು, ತಮ್ಮ ಗಾಜಿನ ಹಣೆಗೆ ವಿಭೂತಿ ಹಚ್ಚಿದೆವು. ತಮ್ಮ ಡಬ್ಬಿಯ ಮೇಲೆ ಅಚ್ಚಾಗಿದ್ದ ದುಂಡನೆಯ ಬಿಳಿ ಕೂಸನ್ನು ಕಂಡ ಅತ್ತೆ, "ಈ ಕೂಸು ಇದರ ಹಾಲ ಕುಡದ ಇಷ್ಟ ಆತೇನು, ಇಲ್ಲಾ ಮೊದಲ ಹಿಂಗ ಇತ್ತೇನು?" ಎಂದು ಕೇಳಿದ್ದಕ್ಕೆ ಇಂದಿಗೂ ಉತ್ತರ ಬಂದಿಲ್ಲ. ಬಾಣಂತಿ ಕೋಣೆಗೆ ಗಂಡಸರು ಬರುವಂತಿಲ್ಲವಾಗಿ, ಯಜಮಾನರು ಬಾಗಿಲಾಚೆ ನಿಂತು ತಮ್ಮ ಇಂಗ್ಲಿಷ್ ಕರಪತ್ರವನ್ನು ಬಿಡಿಸಿ ಬಿಡಿಸಿ ಕೂಗಿ ಹೇಳಿದರು. ನನ್ನ ಎದೆಯ ಸಮಾಚಾರ ಆ ಹೊತ್ತಿಗೇ ಅರ್ಧ ಪೇಟೆಗೆ ತಿಳಿಯಿತು.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಕಚ್ಚಿ ಹಿಡಿದಿರೆಂದರೆ ಬಿಡುವ ಮಾತಿಲ್ಲ. ಎಡ ಬಲ ಎಂಬ ಪಕ್ಷಪಾತ ತಮ್ಮಲ್ಲಿಲ್ಲ, ಎರಡೂ ಕಡೆ ಸಮನಾದ ನೋವು. ಚಂಡು ಒತ್ತಿ ಬಿಟ್ಟಾಗ ತಾವು ತೆಗೆಯುವ ಸದ್ದಂತೂ ಹೊಟ್ಟೆತುಂಬ ಹುಗ್ಗಿ ಉಂಡವರ ತೇಗಿನಂತೆ ಗಂಭೀರವಾಗಿತ್ತು. ಹಾಲೊಂದು ಬಿಟ್ಟು ಮಿಕ್ಕೆಲ್ಲವನ್ನೂ ತಾವು ನನ್ನಿಂದ ಎಳೆದು ತೆಗೆದಿರಿ. ಮೊರದಲ್ಲಿ ಮಗಳ ಅಳುವಿನ ದನಿ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ತಪ್ಪು ನನ್ನದೇ, ನನ್ನಲ್ಲಿ ಹಾಲೇ ಇಲ್ಲ ಎಂದು ನಾನು ಗೋಡೆಗೆ ಮುಖ ಮಾಡಿ ಕಣ್ಣೀರಿಟ್ಟೆ. ಅದೂ ತಮ್ಮ ಕರಪತ್ರದಲ್ಲಿರಲಿಲ್ಲ.

ಆಗ ನಮ್ಮ ಅತ್ತೆ ತಮ್ಮನ್ನು ನನ್ನ ಕೈಯಿಂದ ಕಸಿದುಕೊಂಡು ಹೇಳಿದ ಮಾತನ್ನು ತಮ್ಮ ಕಂಪನಿಯವರು ದಯಮಾಡಿ ಬರೆದುಕೊಳ್ಳಬೇಕು: "ನಮ್ಮ ಎಮ್ಮಿ ಹಾಲು ಕೊಡತೈತಿ ಅನ್ನೂದು ಊರಿಗೇ ಖರೆ ಗೊತ್ತೈತಿ. ಎಮ್ಮಿಗೆ ಹಚ್ಚಿ ನೋಡೂಣು. ಅದರದೂ ಬರಲಿಲ್ಲಂದ್ರ ತಪ್ಪು ಇದರದು, ನನ್ನ ಸೊಸೀದಲ್ಲ."

ನಮ್ಮ ಕಡೆಯ ಮನೆಗಳಲ್ಲಿ ದನ ಕಟ್ಟುವುದು ತಲೆಬಾಗಿಲೊಳಗೇ ಆದ್ದರಿಂದ ಕೋಣೆಯ ಬಾಗಿಲು ತೆರೆಸಿ ಈ ಪರೀಕ್ಷೆಯನ್ನು ನಾನು ಹಾಸಿಗೆಯಿಂದಲೇ ನೋಡಿದೆ. ಯಜಮಾನರು ಕನ್ನಡಕ ಏರಿಸಿ, ನನಗೆ ಓದಿದ ಕರಪತ್ರವನ್ನೇ ಎಮ್ಮೆಗೂ ಓದಿದರು. ಅತ್ತೆ ಸೆರಗು ಸಿಕ್ಕಿಸಿ ತಮ್ಮನ್ನು ಹಚ್ಚಿದರು. "ರೋಗಿ ಶಾಂತಚಿತ್ತದಿಂದ ಇರತಕ್ಕದ್ದು" ಎಂಬಲ್ಲಿಗೆ ಯಜಮಾನರು ಬಂದಿದ್ದರು, ಎಮ್ಮೆ ಒದೆಯಿತು. ತಾವು ಹಾರಿ ಹುಲ್ಲಿನ ರಾಶಿಯಲ್ಲಿ ಬಿದ್ದಿರಿ, ಅವರು ಕರಪತ್ರ ಸಮೇತ ಸಗಣಿಯಲ್ಲಿ ಕುಳಿತರು. ಅತ್ತೆ ಮಾತ್ರ ನಿಂತಲ್ಲೇ ನಿಂತು, "ಆತು ಬಿಡ್ರಿ, ನಿಕಾಲಿ ಹತ್ತಿತು" ಎಂದು ಕುಸ್ತಿಯ ಪಂಚರಂತೆ ತೀರ್ಪು ಕೊಟ್ಟರು.

ನಾನು ನಕ್ಕೆ. ಹೆರಿಗೆಯಾದಂದಿನಿಂದ ಅಳುವುದೊಂದನ್ನೇ ಬಲ್ಲವಳು, ಹೊಟ್ಟೆ ಹಿಡಿದುಕೊಂಡು, ನಿಲ್ಲಿಸಲಾರದೆ ನಕ್ಕೆ. ನಗುವಾಗಲೇ ಹಾಲು ತೊಟ್ಟ ಕುಬಸವನ್ನು ತೋಯಿಸಿ ಸೀರೆಗೆ ಇಳಿಯಿತು. ಅತ್ತೆ ಸಗಣಿಯಲ್ಲಿದ್ದ ಮಗನನ್ನು ಅಲ್ಲೇ ಬಿಟ್ಟು, ಕೈ ತೊಳೆದು, ಬೆಳ್ಳಿ ಬಟ್ಟಲು ಹಿಡಿದು ಓಡಿ ಬಂದರು. ಕೈಯಿಂದ ಹಿಂಡಿದೆವು, ಬಂತು. ಬತ್ತಿಯಿಂದ ಹನಿಸಿದೆವು, ಮಗಳು ನುಂಗಿದಳು, ಕಕ್ಕಲಿಲ್ಲ. ಆ ಪುಟ್ಟ ಗಂಟಲು ಏರಿ ಇಳಿಯುವುದನ್ನು ನೋಡುತ್ತ ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಇನ್ನೊಬ್ಬ ಬಾಣಂತಿಯ ಮನೆಗೆ ಚಿತ್ತೈಸುವ ಮೊದಲು ತಾವು ಕಿವಿಗೆ ಅರಿವೆ ಕಟ್ಟಿಕೊಂಡು ಕೆಂಡದ ಮುಂದೆ ಕೂತು, ಬಿಸಿನೀರು ಎರೆಸಿಕೊಂಡು, ಅಳವಿ ಉಂಡು, ಕೂಸು ಉಳಿಯುತ್ತದೋ ಇಲ್ಲವೋ ಎಂದು ಒಮ್ಮೆಯಾದರೂ ಹೆದರಿ ನೋಡಬೇಕು. ಇದು ಗಾಜಿನವರಿಗೆ ಕಷ್ಟವೆಂದಾದರೆ, ತಮ್ಮ ಕಂಪನಿಯವರು ಪ್ರತಿಯೊಂದು ಡಬ್ಬಿಯಲ್ಲೂ ತಮ್ಮ ಜೊತೆಗೆ ಒಬ್ಬ ಅತ್ತೆಯನ್ನೂ, ಸ್ಥಳವಿದ್ದರೆ ಒಂದು ಎಮ್ಮೆಯನ್ನೂ ಹುಲ್ಲಿನಲ್ಲಿ ಸುತ್ತಿ ಕಳಿಸುವ ಕೃಪೆ ಮಾಡಬೇಕು. ಅತ್ತೆಯನ್ನು ನಮ್ಮ ಮನೆಯಿಂದ ಒಯ್ಯಲು ಮಾತ್ರ ನನ್ನ ಒಪ್ಪಿಗೆಯಿಲ್ಲ.

ಇಂತಿ, ಹಾಲಿಗಾಗಿ ಕರೆಸಿ ನಗೆಯನ್ನು ಪಡೆದುಕೊಂಡ
ತಮ್ಮ ವಿಶ್ವಾಸಿ,
ಸಾವಿತ್ರವ್ವ

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ಮಗಳು ಎದ್ದಳು. ಅತ್ತೆ ಹಾಲು ಹಿಂಡಲು ಬಟ್ಟಲು ತರುವುದರೊಳಗೆ, ಸುಮ್ಮನಿರಲೆಂದು ಎದೆಗೆ ಹಚ್ಚಿಕೊಂಡಿದ್ದೆ, ಅವಳು ತಾನೇ ಜಗ್ಗಿದಳು. ಹೊಟ್ಟೆ ತುಂಬುವವರೆಗೂ ಬಿಡಲಿಲ್ಲ. ನೋವಾಯಿತು, ತಾವು ಕೊಟ್ಟದ್ದಕ್ಕಿಂತ ಹೆಚ್ಚೇ ಆಯಿತು, ಬಿಡಿಸಿಕೊಳ್ಳಬೇಕೆಂದು ಮಾತ್ರ ಅನ್ನಿಸಲಿಲ್ಲ. ಹೀಗಾಗಿ ತಮ್ಮ ಹುದ್ದೆಗೆ ಇಂದಿನಿಂದ ಇವಳನ್ನೇ ಖಾಯಂ ಮಾಡಲಾಗಿದೆ, ತಾವು ಇನ್ನು ಹೊರಡಬಹುದು.