ಖಾಲಿ ಗೆರೆ

ಸೋಮವಾರ ಶಾಲೆಯ ಸಭೆಯಲ್ಲಿ ಸುಮ್ಮನೆ ಕೂತಿದ್ದರೆ ವರ್ಲಿನ್‌ಗೆ ಯಾವ ಕಷ್ಟವೂ ಇರಲಿಲ್ಲ. "ಶಾಲೆ ಸೂರು ಸೋರ್ತಿದೆ, ಯಾರಾದ್ರೂ ಏನಾದ್ರೂ ಮಾಡ್ಬೇಕಪ್ಪ" ಅಂದುಬಿಟ್ಟ. ನಮ್ಮ ಓಸ್ಬೆಕ್ ಊರಲ್ಲಿ ಬಾಯಿ ಬಿಟ್ಟವನೇ ಆ 'ಯಾರಾದರೂ'.

ಮರುದಿನವೇ ಚುನಾವಣೆ. ಶಾಲಾ ಮಂಡಳಿಯ ಒಂದು ಜಾಗಕ್ಕೆ ಯಾರೂ ನಿಂತಿರಲಿಲ್ಲ. ಹಾಗಾದಾಗ ಮತಪತ್ರದಲ್ಲಿ ಬರೀ ಒಂದು ಖಾಲಿ ಗೆರೆ ಇರುತ್ತದೆ. ಜನ ತೋಚಿದವರ ಹೆಸರು ಬರೆಯುತ್ತಾರೆ. ಹೆಚ್ಚು ಜನ ಬರೆದವನು ಗೆದ್ದ ಹಾಗೆ. ಗೆದ್ದು ಒಲ್ಲೆ ಎಂದವನನ್ನು ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ.

ಯಾರೂ ನಿಲ್ಲದ್ದಕ್ಕೆ ಕಾರಣವಿತ್ತು. ಓಸ್ಬೆಕ್ ಶಾಲೆಯನ್ನು ಮುಚ್ಚಿ ಪಕ್ಕದ ಲಾರ್ಕಿನ್ ಶಾಲೆಗೆ ಸೇರಿಸಬೇಕೇ ಎಂಬ ಜಗಳದಲ್ಲಿ ಮಂಡಳಿ ಸರಿಯಾಗಿ ಎರಡು ಪಾಲಾಗಿತ್ತು. ಹೊಸದಾಗಿ ಬಂದವನು ಯಾವ ಕಡೆ ಕೈಯೆತ್ತಿದರೆ ಆ ಕಡೆ ಗೆದ್ದ ಹಾಗೆ, ಅವನದೇ ಕೊನೆಯ ಕೈ. ಹಿಂದೆ ಜೋಳದ ಬಯಲಿನ ನಡುವೆ ಒಂದೊಂದೇ ಕೋಣೆಯ ಶಾಲೆಗಳಿದ್ದವು. ಒಂದು ಒಲೆ, ಒಬ್ಬಳು ಟೀಚರು, ಚಿಕ್ಕವರು ದೊಡ್ಡವರೆಲ್ಲ ಒಟ್ಟಿಗೆ. ಅವನ್ನು ಒಂದೊಂದಾಗಿ ನುಂಗಿಯೇ ಓಸ್ಬೆಕ್ ಶಾಲೆ ಬೆಳೆದದ್ದು. ವಿಲೋ ಹಳ್ಳದ ಶಾಲೆ ಮುಚ್ಚಲು ಕೈಯೆತ್ತಿದವನು ವರ್ಲಿನ್‌ನ ಅಜ್ಜ. ಹಳ್ಳದವರು ಅವನಿಗೆ ಸಾಯುವ ತನಕ ಮೊಟ್ಟೆ ಮಾರಲಿಲ್ಲ.

ವರ್ಲಿನ್ ಕ್ಷೌರಿಕ. ಅವನ ಕುರ್ಚಿಗೆ ಬರುವ ತಲೆಗಳಲ್ಲಿ ಅರ್ಧ ಓಸ್ಬೆಕ್‌ನವು, ಅರ್ಧ ಲಾರ್ಕಿನ್‌ನವು. ಯಾವ ಕಡೆ ಕೈಯೆತ್ತಿದರೂ ಅರ್ಧ ತಲೆ ಕೈಬಿಟ್ಟ ಹಾಗೆ.

ಚುನಾವಣೆಯ ದಿನ ಬೆಳಿಗ್ಗೆ ಟ್ರ್ಯಾಕ್ಟರ್ ಮಾರುವ ಬಾಯ್ಡ್ ಬಂದು ಕುರ್ಚಿಯಲ್ಲಿ ಕೂತ. "ನಿನ್ ಹೆಸ್ರೇ ಬರ್ದು ಬಂದೆ ಕಣೋ. ಎಲ್ರೂ ನಿಂದೇ ಬರೀತಿದಾರೆ."

ವರ್ಲಿನ್‌ನ ಕತ್ತರಿ ಹೌಹಾರಿ ಬಾಯ್ಡ್‌ನ ಕಿವಿಯ ಮೇಲಿನ ಕೂದಲನ್ನು ಇಲಿ ಕಡಿದಂತೆ ಒಂದು ತುತ್ತು ಕಚ್ಚಿತು.

"ಹೋಗ್ಲಿ ಬಿಡು, ಬೆಳೆಯುತ್ತೆ. ಸಭೆಗೆ ಹೋಗೋನು ನೀನು, ನಾನಲ್ಲ" ಎಂದ ಬಾಯ್ಡ್.

ವರ್ಲಿನ್ ಅಂಗಡಿ ಮುಚ್ಚಿ ಹೋಟೆಲಿಗೆ ಓಡಿದ. "ನಂಗೆ ಲೆಕ್ಕ ಬರಲ್ಲ. ಸಭೇಲಿ ನಿದ್ದೆ ಬರುತ್ತೆ. ಮಾತಿಗೆ ನಿಲ್ಲೋನೇ ಅಲ್ಲ ನಾನು" ಎಂದು ಕೂತವರಿಗೆಲ್ಲ ಹೇಳಿದ.

"ನೋಡ್ರೋ, ಒಂದೂ ಮುಚ್ಚಿಡಲ್ಲ ಈ ಮನುಷ್ಯ" ಎಂದಿತು ಮೂಲೆಯ ಮೇಜು. ಅಲ್ಲಿದ್ದವರೆಲ್ಲ ಕಾಫಿ ಬಿಟ್ಟು ಅವನ ಹೆಸರು ಬರೆಯಲು ಎದ್ದರು.

ಮನೆಯಲ್ಲಿ ಹೆಂಡತಿ ನೊರೀನ್ ಉಪಾಯ ಹೇಳಿದಳು. "ನಾ ಬೇಡ ಅಂದ್ರೆ ಸಾಲ್ದು ಮಾರಾಯ. ಇನ್ನೊಬ್ರನ್ನ ತೋರಿಸ್ಬೇಕು."

ತೋರಿಸಲು ಡಾಗ್ನಿ ಇದ್ದಳು, ಶಾಲೆಯ ಹಳೆಯ ಅಡುಗೆಯವಳು. ಅವಳ ಮಾಂಸ, ಕಾಳು ಹಾಕಿದ ಚಿಲಿ ಸಾರು, ಅದರ ಪಕ್ಕಕ್ಕೆ ದಾಲ್ಚಿನ್ನಿಯ ಸಿಹಿ ಬನ್ನು ತಿನ್ನದೆ ಬೆಳೆದವರು ಊರಲ್ಲಿಲ್ಲ. ಒಂದೇ ತೊಡಕು. ಮಂಡಳಿಯ ಅಧ್ಯಕ್ಷ ಕ್ಲೆಟಸ್ ಅವಳು ಬಿಟ್ಟ ಗಂಡ. ಅದು ಅವರಿಬ್ಬರ ತಲೆನೋವು ಎಂದುಕೊಂಡ ವರ್ಲಿನ್.

"ನಾನೇ ಯಾಕೋ?" ಎಂದಳು ಡಾಗ್ನಿ, ಹಿಟ್ಟು ನಾದುತ್ತ.

"ಊರು ಕರೆದಾಗ ಒಲ್ಲೆ ಅನ್ಬಾರ್ದು ಡಾಗ್ನಿಯಮ್ಮ. ಪಾಪ ಬರುತ್ತೆ."

"ಯಾರೇ ಆದ್ರೂ ಅನ್ಬಾರ್ದಾ?"

"ಯಾರೇ ಆದ್ರೂ. ಬೈಬಲ್ ಮುಟ್ಟಿ ಹೇಳ್ತೀನಿ."

ಆಮೇಲೆ ಅವನು ಮನೆಮನೆ ತಿರುಗಿದ. ದಾಲ್ಚಿನ್ನಿ ಬನ್ನಿನ ನೆನಪು ತೆಗೆದರೆ ಸಾಕು, ಎಂಥವರ ಬಾಯಲ್ಲೂ ನೀರು.

ಸಂಜೆ ಮತ ಎಣಿಕೆಗೆ ಅಗ್ನಿಶಾಮಕ ಠಾಣೆಯಲ್ಲಿ ಊರೆಲ್ಲ ಸೇರಿತ್ತು. ಡಾಗ್ನಿ ಗೆದ್ದಳು. ವರ್ಲಿನ್ ಜೀವ ಬಂದವನಂತೆ ಸೇಬಿನ ಪೈ ಬಡಿಸಿಕೊಂಡು ಬಾಯಿಗಿಟ್ಟ.

ಆಗ ಕ್ಲೆಟಸ್ ಎದ್ದು ನಿಂತ. "ಇವಳ ಜೊತೆ ಒಂದೇ ಮೇಜಲ್ಲಿ ಕೂತಿದ್ದು ಈ ಜನ್ಮಕ್ಕೆ ಸಾಕು. ನಾ ಮಂಡಳಿ ಬಿಟ್ಟೆ" ಎಂದವನೇ ಟೋಪಿ ತಗೊಂಡು ಹೊರಟ.

ನಡುವೆ ಹೀಗೆ ಖಾಲಿಯಾದ ಜಾಗಕ್ಕೆ ಚುನಾವಣೆ ಇಲ್ಲ. ಮಂಡಳಿಯವರೇ ಒಬ್ಬರನ್ನು ಕರೆಯುತ್ತಾರೆ. ಅವರೆಲ್ಲ ಡಾಗ್ನಿಯ ಮುಖ ನೋಡಿದರು. ಡಾಗ್ನಿ ವರ್ಲಿನ್‌ನ ಮುಖ ನೋಡಿದಳು.

"ಬಾಯಲ್ಲಿರೋದು ನುಂಗಪ್ಪ ಮೊದ್ಲು" ಎಂದಳು. "ಶಾಲೆ ಮುಚ್ಚಬಾರ್ದು ಅನ್ನೋದೊಂದೇ ಕ್ಲೆಟಸ್ ಹೇಳಿದ ಸರಿ ಮಾತು. ನಂದೂ ಅದೇ. ಅವನ ಕೈ ಹೋಯ್ತು, ನನ್ನ ಕೈ ಬಂತು, ಮತ್ತೆ ಸಮ ಸಮ. ಕೊನೇ ಕೈ ನಿಂದು."

"ನಾ ಒ..."

"ಬೈಬಲ್ ತರಿಸ್ಲಾ?"

ಠಾಣೆಯೆಲ್ಲ ಚಪ್ಪಾಳೆ ಹೊಡೆಯಿತು. ಬಾಯ್ಡ್ ಮಾತ್ರ ಕಿವಿಯ ಮೇಲಿನ ಬೋಳು ಸವರಿಕೊಳ್ಳುತ್ತ ಪಕ್ಕದವನ ಕಡೆ ಬಾಗಿದ.

"ಮುಂದಿನ ತಿಂಗಳು, ಇವ್ನು ಕೈಯೆತ್ತಿದ್ಮೇಲೆ, ತಲೆ ಕೂದ್ಲಿಗೆ ಯಾರ ಹತ್ರ ಹೋಗೋಣ?"