ವೆಂಕಟೇಶಿ ಮರೆತ ಹೆಸರು

ನಾನು ಬರೆದ ನಾಟಕದಲ್ಲಿ ಪ್ರಭಂಜನನೂ ವಸುಂಧರೆಯೂ ಏಕೆ ಪ್ರೀತಿಸಿದರು ಎಂಬುದು ದೊಡ್ಡಬಳ್ಳಾಪುರದಲ್ಲಿ ನನ್ನೊಬ್ಬನನ್ನು ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿದೆ. ಕ್ಷೌರದಂಗಡಿಯಲ್ಲಿ ಕತ್ತಿ ಗಂಟಲ ಮೇಲಿರುವಾಗಲೇ ಅದರ ವಿವರಣೆ ಕೇಳಬೇಕಾಗುತ್ತದೆ. ಆ ಸ್ಥಿತಿಯಲ್ಲಿ ಭಿನ್ನಾಭಿಪ್ರಾಯ ಸೂಚಿಸುವುದು ಕ್ಷೇಮವಲ್ಲ. ಮೊನ್ನೆ ದೇವನಹಳ್ಳಿಯಿಂದ ಬಂದವರೊಬ್ಬರು ನನ್ನ ಎರಡೂ ಕೈ ಹಿಡಿದುಕೊಂಡು, "ಸ್ವಾಮಿ, ಆ ಜಾಗದಲ್ಲಿ ನಮ್ಮ ಮನೆಯವಳು ಅತ್ತುಬಿಟ್ಲು" ಎಂದರು. ಯಾವ ಜಾಗ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತು. ಆ ಜಾಗ ನಾನು ಬರೆದದ್ದಲ್ಲ. ನಿಜ ಹೇಳಬೇಕೆಂದರೆ, ಅವರಿಬ್ಬರು ಪ್ರೀತಿಸಲೇಕೂಡದೆಂಬ ಒಂದೇ ಉದ್ದೇಶದಿಂದ ನಾನು ಅವರನ್ನು ಸೃಷ್ಟಿಸಿದ್ದೆ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿದವನು. ಅಲ್ಲಿ ಕಲಿತದ್ದರಲ್ಲಿ ಈಗ ಉಳಿದಿರುವುದು, ಯಾವುದನ್ನೂ ಸುಲಭವಾಗಿ ನಂಬಬಾರದು ಎಂಬುದಷ್ಟೇ. ಮಿಕ್ಕದ್ದೆಲ್ಲ ಮರೆತುಹೋಗಿರುವುದರಿಂದ ಇದನ್ನಾದರೂ ಸರಿಯಾಗಿ ಕಲಿತಿದ್ದೆನೇ ಎಂಬ ಸಂಶಯವೂ ಇದೆ. ಆದ್ದರಿಂದ ಈ ಪ್ರಬಂಧದಲ್ಲಿ 'ನನಗೆ ನೆನಪಿದೆ' ಎಂದು ಎಲ್ಲಿ ಬಂದರೂ ಓದುಗರು ತಮ್ಮ ಜವಾಬ್ದಾರಿಯ ಮೇಲೆ ನಂಬತಕ್ಕದ್ದು.

ಉದಾಹರಣೆಗೆ, ಮದುವೆಯಾಗಿ ನನ್ನ ಹೆಂಡತಿ ಕಮಲೆ ಮೊದಲ ಸಲ ನಮ್ಮ ಮನೆಯ ಹೊಸ್ತಿಲಿಗೆ ಬಂದು ನಿಂತಾಗ ನಡೆದದ್ದು. ನನ್ನ ಅಕ್ಕ ಬಾಗಿಲಿಗೆ ಅಡ್ಡ ಕೈ ಹಿಡಿದು, "ಗಂಡನ ಹೆಸರು ಹೇಳು, ಒಳಗೆ ಬಿಡ್ತೀನಿ" ಎಂದಳು. ಪ್ರತಿಯೊಬ್ಬ ಮದುಮಗಳಿಗೂ ಮಾಡುವ ಶಾಸ್ತ್ರವೇ. ಕಮಲೆ ತಲೆ ತಗ್ಗಿಸಿದಳು. ತುಟಿ ಅಲುಗಿತು. 'ಶ್ರೀಕಂಠ' ಎಂದದ್ದು ನನಗೆ ಕೇಳಿಸಿತು. ಗಾಳಿಗೆ ತೋರಣದ ಮಾವಿನೆಲೆ ಅಲ್ಲಾಡಿದ ಸದ್ದಿನಷ್ಟು ಮೆಲ್ಲಗೆ. ಕೇಳಿಸಿತೆಂದು ಹತ್ತು ವರ್ಷಗಳಿಂದ ನಂಬಿಕೊಂಡು ಬಂದಿದ್ದೇನೆ. ಅಕ್ಕನನ್ನು ಕೇಳಿದರೆ "ಹೇಳಿದ್ಳು ಕಣೋ, ಎಷ್ಟು ಸಲ ಕೇಳ್ತೀಯ?" ಎನ್ನುತ್ತಾಳೆ. ಅಮ್ಮನನ್ನು ಕೇಳಿದರೆ "ಎಲ್ಲಿ ಹೇಳಿದ್ಳು? ನಿಂತೂ ನಿಂತೂ ನನಗೆ ಮಂಡಿ ನೋವು ಬಂತು ಅಂತ ನಾನೇ ಒಳಗೆ ಕರ್ಕೊಂಡೆ" ಎನ್ನುತ್ತಾಳೆ. ಕಮಲೆಯನ್ನೇ ಕೇಳಿದರೆ ನಗುತ್ತಾಳೆ. ನಗುವನ್ನು ಸಾಕ್ಷ್ಯವೆಂದು ಯಾವ ತರ್ಕಶಾಸ್ತ್ರವೂ ಒಪ್ಪುವುದಿಲ್ಲ.

ಅಂದಿನಿಂದ ಅವಳ ಬಾಯಲ್ಲಿ ನನಗೆ ಹೆಸರಿರಲಿಲ್ಲ. ನಾನು 'ರೀ'. ತರಕಾರಿಯವಳ ಎದುರು 'ಮನೆಯವರು'. ಅಮ್ಮನ ಎದುರು ಬರಿಯ 'ಅವರು'. ಕೋಪ ಬಂದಾಗ ಸರ್ವನಾಮವೂ ಸಿಕ್ಕುತ್ತಿರಲಿಲ್ಲ, ಊದುಕೊಳವೆಯನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಊಟಕ್ಕೆ ಬನ್ನಿ ಎಂದು ತಿಳಿಯಬೇಕಾಗಿತ್ತು. 'ರೀ' ಎಂದು ಅವಳು ಅಂಚೆಯವನನ್ನೂ ಕರೆಯುತ್ತಾಳೆ. ಒಮ್ಮೆ ಅವಳು ಕೂಗಿದಾಗ ನಾವಿಬ್ಬರೂ ಒಟ್ಟಿಗೆ ತಿರುಗಿದ್ದೆವು, ಬೇಕಾಗಿದ್ದವನು ಅವನು. ಇದು ತಮಾಷೆಯಾಗಿ ಕಾಣಬಹುದು. ನನಗೆ ಮಾತ್ರ ಅದೊಂದು ಹುಣ್ಣು. ಈಕೆ ನನ್ನನ್ನು ಮೆಚ್ಚಿದ್ದಾಳೆಯೇ, ಅಥವಾ ನಡುಮನೆಯ ಕಂಬವನ್ನು ಸಹಿಸಿಕೊಂಡ ಹಾಗೆ ಸಹಿಸಿಕೊಂಡಿದ್ದಾಳೆಯೇ? ಮದುವೆಯಾದಾಗಿನಿಂದ ನನಗೆ ತಿಳಿಯಬೇಕಾಗಿರುವುದು ಇದೊಂದೇ. ಕಂಬವನ್ನೂ ಯಾರೂ ಹೆಸರಿಟ್ಟು ಕರೆಯುವುದಿಲ್ಲವಷ್ಟೆ.

"ಹೆಸರು ಹಿಡಿದು ಕರಿ. ನಾವಿಬ್ಬರೂ ಸಮಾನರು, ಸಂಗಾತಿಗಳು" ಎಂದು ನಾನು ಉಪದೇಶ ಮಾಡುತ್ತಿದ್ದೆ.

"ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿಯಾಗತ್ತೆ ಅಂತಾರೆ."

"ಯಾರಂತಾರೆ? ಅದಕ್ಕೆ ಪ್ರಮಾಣವೇನು?"

"ಪ್ರಮಾಣ ಬೇಕು ಅಂದ್ರೆ ನಿಮ್ಮ ಮೇಲೇ ಪರೀಕ್ಷೆ ಮಾಡ್ಬೇಕಾಗತ್ತೆ. ಮಾಡ್ಲಾ?" ಎಂದು ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಆ ಚಟಪಟದಲ್ಲಿ ನನ್ನ ವಾದ ಮುಳುಗಿಹೋಗುತ್ತಿತ್ತು.

ಹೀಗಿರುವಾಗ ಯುದ್ಧದಿಂದಾಗಿ ನೂಲಿಗೆ ಕಂಟ್ರೋಲು ಬಂತು, ಸರ್ಕಾರ ಅಳೆದು ಕೊಟ್ಟಷ್ಟೇ ನೂಲು. ಊರಿನ ಮಗ್ಗಗಳ ಸದ್ದು ಬೀದಿ ಬೀದಿಯಾಗಿ ಅಡಗಿತು. ಆ ಸದ್ದಿನಿಂದ ಸ್ಕೂಲಿನಲ್ಲಿ ಪಾಠ ಮಾಡಲಾಗುವುದಿಲ್ಲ ಎಂದು ಗೊಣಗುತ್ತಿದ್ದ ನನಗೆ ಈಗ ಮೌನದಿಂದ ಪಾಠ ಮಾಡಲಾಗುತ್ತಿರಲಿಲ್ಲ. ಒಂದು ಸಂಜೆ ನೇಕಾರರ ಮುಖಂಡ ನಂಜುಂಡಪ್ಪ ನಮ್ಮ ಜಗಲಿಗೆ ಬಂದು ಕೂತ. "ಮೇಷ್ಟ್ರೇ, ಮಗ್ಗ ಮಲಗವೆ. ಕೈ ಸುಮ್ನಿದ್ರೆ ಇಸ್ಪೀಟ್ ಹಿಡಿತವೆ. ನಮ್ ಹೈಕಳಿಗೆ ಒಂದ್ ನಾಟ್ಕ ಬರ್ಕೊಡಿ. ದೇವ್ರುದ್ದು ಬ್ಯಾಡ, ಕಿರೀಟಕ್ಕೆ ಕಾಸಿಲ್ಲ."

ಕಿರೀಟವಿಲ್ಲದ ನಾಟಕವನ್ನು ನಾನು ಹದಿನೈದು ದಿನದಲ್ಲಿ ಬರೆದೆ. ಅದರಲ್ಲಿ ಪ್ರಭಂಜನ ಮತ್ತು ವಸುಂಧರೆ ನೇಕಾರರ ಸಂಘದ ಅಧ್ಯಕ್ಷ ಪದವಿಗೆ ಎದುರಾಳಿಗಳು. ನೂಲನ್ನು ಬಚ್ಚಿಟ್ಟ ಸಾಹುಕಾರನ ಮುಂದೆ ಮಾತ್ರ ಒಟ್ಟಿಗೆ ನಿಲ್ಲುವ ಸಂಗಾತಿಗಳು. ಐದು ಅಂಕಗಳ ಉದ್ದಕ್ಕೂ ಜಗಳವಾಡುತ್ತಾರೆ, ಕೊನೆಯಲ್ಲಿ ಕೈ ಕುಲುಕಿ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ವಸುಂಧರೆಯ ಪ್ರತಿಯೊಂದು ಮಾತೂ "ಪ್ರಭಂಜನ!" ಎಂದೇ ಶುರು. "ಪ್ರಭಂಜನ, ನಿಮ್ಮದು ತಪ್ಪು." "ಪ್ರಭಂಜನ, ಎದ್ದೇಳಿ." ಹೆಣ್ಣೊಬ್ಬಳು ಗಂಡಸನ್ನು ಹೆಸರು ಹಿಡಿದು ಕರೆದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು ತೋರಿಸುವ ನಾಟಕ ಅದು. ಊರಿಗೆಲ್ಲ ತೋರಿಸುವ ನೆಪದಲ್ಲಿ ಹೆಂಗಸರ ಸಾಲಿನಲ್ಲಿ ಕೂರಲಿರುವ ಒಬ್ಬಳಿಗೆ ತೋರಿಸಲು ಬರೆದದ್ದು.

ವಸುಂಧರೆಯ ಪಾತ್ರಕ್ಕೆ ವೆಂಕಟೇಶಿ ಎಂಬ ನೇಕಾರ ಸಿಕ್ಕಿದ. ಸಣ್ಣ ನಡು, ಇಂಪಾದ ಗಂಟಲು. ಮೀಸೆ ತೆಗೆಯಲು ಅವನನ್ನು ಒಪ್ಪಿಸುವಷ್ಟರಲ್ಲಿ ನಂಜುಂಡಪ್ಪನಿಗೆ ಸಾಕುಸಾಕಾಯಿತು. ನಿಜವಾದ ತೊಡಕು ಇದ್ದದ್ದು ನಾಲಗೆಯಲ್ಲಿ.

"ಪ್ರಭಂಜನ" ಎಂದು ನಾನು ಹೇಳಿಕೊಟ್ಟೆ.

"ಪರಪಂಜನ."

"ಅಲ್ಲಯ್ಯಾ, ಪ್ರ-ಭಂ-ಜ-ನ."

"ಪಂಜನಪ್ಪ ಅಂದ್ರೆ ಆಗಲ್ವಾ ಸಾ? ನಮ್ ಭಾವಮೈದ ಒಬ್ನವ್ನೆ ಪಂಜಪ್ಪ ಅಂತ. ನೆಪ್ಪಲ್ಲಿರ್ತದೆ."

ಹಾರ್ಮೋನಿಯಂ ನುಡಿಸುತ್ತಿದ್ದ ಖಾಸಿಂ ಸಾಹೇಬರು ತಮ್ಮ ಗಡ್ಡದೊಳಗೇ ನಕ್ಕು, "ಮೇಷ್ಟ್ರೇ, ಹೀರೋಗೆ ರಾಮಣ್ಣ ಅಂತ ಇಟ್ಟಿದ್ರೆ ಏನಾಗ್ತಿತ್ತು?" ಎಂದರು. ಏನೂ ಆಗುತ್ತಿರಲಿಲ್ಲ ಎಂದು ಈಗ ತಿಳಿಯುತ್ತದೆ. ರಾಮಣ್ಣ ಎಂದಿಟ್ಟಿದ್ದರೆ ಇವತ್ತು ನಾನು ನೆಮ್ಮದಿಯಾಗಿರುತ್ತಿದ್ದೆ. ಆದರೆ ಪದವಿ ಪಡೆದವನು ರಾಮಣ್ಣ ಎಂದು ಹೆಸರಿಡಲು ಅಷ್ಟು ಓದಬೇಕೇ?

ಸೀಮೆಎಣ್ಣೆಗೂ ಬರವಿದ್ದುದರಿಂದ ನಾಟಕ ಹಗಲು ಹೊತ್ತಿನಲ್ಲೇ, ಭಾನುವಾರ ಮಧ್ಯಾಹ್ನ, ಸ್ಕೂಲಿನ ಹಾಲಿನಲ್ಲಿ ನಡೆಯಿತು. ಸಾಸಲು ಹಳ್ಳಿಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಮೊದಲೆರಡು ಅಂಕ ನಾನು ಬರೆದ ಹಾಗೆಯೇ ನಡೆಯಿತು. ಅಂದರೆ ಜನ ಕಡಲೆಕಾಯಿ ತಿನ್ನುತ್ತಿದ್ದರು. ವೆಂಕಟೇಶಿ ಹೆಸರನ್ನು ಅಂಗೈಯಲ್ಲಿ ಶಾಯಿಯಿಂದ ಬರೆದುಕೊಂಡಿದ್ದ. ಆಗಾಗ ಕೈ ಎತ್ತಿ ನೋಡಿ "ಪ್ರಭಂಜನ!" ಎಂದು ಗುಡುಗುತ್ತಿದ್ದ. ನೋಡುವವರಿಗೆ ಹೊಡೆಯಲು ಕೈ ಎತ್ತಿದಂತೆ ಕಾಣುತ್ತಿತ್ತು. ಅಷ್ಟರಮಟ್ಟಿಗೆ ಅಭಿನಯವೂ ಆಯಿತು.

ಮೂರನೆಯ ಅಂಕದಲ್ಲಿ ಸಂಘದ ಸಭೆ. ಪ್ರಭಂಜನ ಹೇಳಿದ್ದು ಸರಿಯೋ ತಪ್ಪೋ ಎಂದು ಸಾಹುಕಾರ ಕೇಳುತ್ತಾನೆ. ವಸುಂಧರೆ ಮೊದಲ ಸಲ ಎದುರಾಳಿಯ ಪಕ್ಷ ವಹಿಸಿ, "ಪ್ರಭಂಜನ ಹೇಳಿದ್ದೇ ಸರಿ" ಎನ್ನಬೇಕು. ವೆಂಕಟೇಶಿ ಬಾಯಿ ತೆರೆದ. ಅಂಗೈ ನೋಡಿಕೊಂಡ. ಬೆವರಿಗೆ ಶಾಯಿ ಕದಡಿ ಅಂಗೈಯೆಲ್ಲ ನೀಲಿಯಾಗಿತ್ತು. ತಲೆ ತಗ್ಗಿಸಿಕೊಂಡು ಇನ್ನೂ ಹತ್ತಿರದಿಂದ ನೋಡಿದ. ಗಾಬರಿಗೆ ಇನ್ನೊಂದು ಕೈ ಸೆರಗಿನ ತುದಿಯನ್ನು ಹೊಸೆಯತೊಡಗಿತು. ಕೊನೆಗೆ ಉಡುಗಿದ ದನಿಯಲ್ಲಿ, "ಇವರು... ಇವರು ಇದಾರಲ್ಲ... ಅವರು ಹೇಳಿದ್ದೇ ಸರಿ" ಎಂದ.

ಹಾಲಿನಲ್ಲಿ ಕಡಲೆಕಾಯಿ ಸಿಪ್ಪೆಯ ಸದ್ದು ನಿಂತಿತು. ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಗಟ್ಟಿಯಾಗಿ, "ಬಿದ್ಲು ಕಣಮ್ಮಿ! ಹುಡ್ಗಿ ಬಿದ್ಲು! ಹೆಸ್ರು ಹೇಳಕ್ಕೆ ನಾಚ್ಕತಾ ಅವ್ಳೆ ನೋಡು" ಎಂದಳು.

ಅಷ್ಟು ಸಾಕಾಯಿತು. ಇಡೀ ಹಾಲು ಒಂದೇ ಸಲ ನಿಟ್ಟುಸಿರು ಬಿಟ್ಟಿತು. ಪ್ರಭಂಜನನ ಪಾತ್ರದವನು ಊರಿನ ಹುಡುಗ. ಗಾಳಿ ಎತ್ತ ಬೀಸುತ್ತಿದೆ ಎಂದು ಅವನಿಗೆ ತಕ್ಷಣ ತಿಳಿಯಿತು. "ಕುಮಾರಿ ವಸುಂಧರೆಯವರೇ" ಎಂದು ನಾನು ಬರೆದುಕೊಟ್ಟದ್ದನ್ನು ಕೈಬಿಟ್ಟು, ಮೆಲ್ಲಗೆ, "ಏನೇ ಇವಳೇ, ಏನಂದೆ?" ಎಂದ. ಶಿಳ್ಳೆ ಎದ್ದಿತು. ಖಾಸಿಂ ಸಾಹೇಬರ ಹಾರ್ಮೋನಿಯಂ ಹೋರಾಟದ ಹಾಡಿನಿಂದ ಜಾರಿ ಧಾರೆಯ ಹಾಡಿಗೆ ಬಂತು. "ನಾನೇನೂ ಮಾಡಲಿಲ್ಲ, ಕೈ ತಾನಾಗೇ ಹೋಯ್ತು" ಎಂದು ಆಮೇಲೆ ಅವರು ಆಣೆ ಇಟ್ಟರು. ಇನ್ನುಳಿದ ಎರಡು ಅಂಕಗಳನ್ನು ಯಾರೂ ಆಡಲಿಲ್ಲ. ಯಾರೋ ಅಕ್ಕಿ ಎರಚಿದರು. ರೇಷನ್ ಕಾಲದಲ್ಲಿ ಅಕ್ಕಿ ಎರಚಿದರೆಂದರೆ ಅವರ ಭಾವಾವೇಶ ಎಷ್ಟಿತ್ತೆಂದು ನೀವೇ ಊಹಿಸಿ. ಅಥವಾ ಅದು ಕಡಲೆಕಾಯಿ ಸಿಪ್ಪೆಯೋ ಏನೋ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಮನೆಗೆ ಹೋಗುವಾಗ ಕಮಲೆ ಎಂದಿನಂತೆ ನನ್ನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಬರಲಿಲ್ಲ. ಪಕ್ಕದಲ್ಲೇ ಬಂದಳು. ತೇರಿನ ಬೀದಿ ದಾಟಿದೆವು. ಆಮೇಲೆ, "ರೀ, ಆ ಜಾಗ ಬಹಳ ಚೆನ್ನಾಗಿ ಬರೆದಿದೀರಿ" ಎಂದಳು. ಮದುವೆಯಾದಾಗಿನಿಂದ ನನ್ನ ಯಾವ ಬರಹವನ್ನೂ ಹೊಗಳಿದವಳಲ್ಲ. "ಜಗಳ ಆಡೋವಾಗ ಹೆಸರು ಬೇಕು. ಮನಸ್ಸಿಗೆ ಬಂದ್ಮೇಲೆ ಅದು ನಾಲಿಗೆಗೆ ಬರಲ್ಲ. ನಿಮಗೆ ಇದೆಲ್ಲ ಗೊತ್ತಿಲ್ಲ ಅಂದ್ಕೊಂಡಿದ್ದೆ. ಯಾವಾಗ ಗೊತ್ತಾಯ್ತು?"

ಅವಳ ದನಿಯಲ್ಲಿ ಏನೋ ಇತ್ತು. ಹೊಸ್ತಿಲ ಬಳಿ ಕೇಳಿದ್ದೆನೆಂದುಕೊಂಡ ಆ ದನಿಯೇ ಇರಬಹುದು. ಇಲ್ಲಿ ಬುದ್ಧಿಯಿದ್ದ ಯಾವ ಗಂಡಸಾದರೂ "ಮೊದಲಿನಿಂದಲೂ ಗೊತ್ತಿತ್ತು" ಎಂದು ಹೇಳಿ, ಎರಡು ಮೊಳ ಮಲ್ಲಿಗೆ ಕೊಂಡು ಮನೆಗೆ ಹೋಗುತ್ತಿದ್ದ. ನಾನು ಓದಿದವನು. ಸತ್ಯಕ್ಕೆ ಅಪಚಾರವಾಗಬಾರದು.

"ಅಯ್ಯೋ, ಅದು ನಾನು ಬರೆದದ್ದೇ ಅಲ್ಲ" ಎಂದೆ. "ಆ ಮುಠ್ಠಾಳ ವೆಂಕಟೇಶಿ ಹೆಸರು ಮರೆತ. ನನ್ನ ನಾಟಕ ಹಾಳಾಯಿತು. ಹೆಸರು ಹೇಳದಿರುವುದು ಪ್ರೀತಿಯಂತೆ! ಅದು ಬರಿಯ ಮೂಢನಂಬಿಕೆ, ದಾಸ್ಯದ ಗುರುತು. ನಾನು ಬರೆದದ್ದು ಅದನ್ನು ಖಂಡಿಸಲಿಕ್ಕೆ."

"ಓಹೋ" ಎಂದಳು ಕಮಲೆ. ಸೆರಗು ಎಳೆದುಕೊಂಡು, "ಹಾಗಾ" ಎಂದಳು. ಮನೆ ಬರುವಷ್ಟರಲ್ಲಿ ಅವಳು ಮತ್ತೆ ನಾಲ್ಕು ಹೆಜ್ಜೆ ಹಿಂದಿದ್ದಳು.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಒಳಗಿನಿಂದ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಒಂದು ದನಿ ಬಂತು. "ಶ್ರೀಕಂಠ! ನೀರು ಕಾದಿದೆ."

ನಾನು ಸುತ್ತ ನೋಡಿದೆ. ಬೇರೆ ಶ್ರೀಕಂಠರು ಯಾರೂ ಇರಲಿಲ್ಲ. ಅಮ್ಮ ಕೈಯಲ್ಲಿದ್ದ ಬತ್ತಿ ಬೀಳಿಸಿ "ಶಿವಶಿವಾ" ಎಂದಳು. ಹತ್ತು ವರ್ಷ ಬೇಡಿದ್ದು ಸಿಕ್ಕಿತ್ತು. ಎದ್ದು ಕುಣಿಯಬೇಕಾಗಿತ್ತು. ಪತ್ರಿಕೆ ಮಡಿಸಿಟ್ಟು ಕೂತೇ ಇದ್ದೆ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾಚಿಕೆಯಿರಲಿಲ್ಲ, ತಡವರಿಕೆಯಿರಲಿಲ್ಲ. ಸೌದೆಯವನನ್ನು, ಅಗಸರವನನ್ನು ಕರೆಯುವ ದನಿ. ಸಮಾನತೆ ಎಂದರೆ ಇದೇ ಇರಬೇಕು.

"ಅದು... ನೀನು ಮೊದಲಿನ ಹಾಗೆಯೇ ಕರೆದರೂ ಪರವಾಗಿಲ್ಲ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ.

"ಯಾಕೆ? ದಾಸ್ಯ ಅಲ್ವಾ ಅದು?" ಎಂದಳು, ತಿರುಗಿ ನೋಡದೆ. "ನೀವು ಹೇಳಿದ್ದು ಸರಿ ಅನ್ನಿಸ್ತು, ಶ್ರೀಕಂಠ."

ವಾದದಲ್ಲಿ ನಾನು ಗೆದ್ದದ್ದು ಇದೊಂದೇ ಸಲ. ಅಂದಿನಿಂದ ದಿನವೂ ಕರೆಯುತ್ತಾಳೆ: "ಶ್ರೀಕಂಠ, ಊಟ." "ಶ್ರೀಕಂಠ, ಬಾಗಿಲು ಹಾಕಿ." ಊದುಕೊಳವೆಗೆ ಈಗ ಒಲೆ ಊದುವುದೊಂದೇ ಕೆಲಸ. 'ರೀ' ಎಂದು ಅವಳು ಕೂಗಿದಾಗ ಅಂಚೆಯವನೊಬ್ಬನೇ ತಿರುಗುತ್ತಾನೆ. ನನಗೆ ಆತನ ಮೇಲೆ ಹೊಟ್ಟೆಕಿಚ್ಚು. ಹೊಸ್ತಿಲ ಬಳಿ ಅಂದು ಕೇಳಿದ ಆ ಪಿಸುದನಿಯನ್ನು ನೆನೆಸಿಕೊಳ್ಳಲು ಹೊರಟರೆ ಅದರ ಜಾಗದಲ್ಲಿ ಈ ಗಂಟೆಯೇ ಹೊಡೆಯುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಅಮ್ಮ ಹೇಳುವುದೇ ನಿಜವೆಂದು ಒಪ್ಪಿಕೊಳ್ಳುತ್ತೇನೋ ಏನೋ.

ಪ್ರಭಂಜನ ವಸುಂಧರೆಯರು ಏಕೆ ಪ್ರೀತಿಸಿದರು ಎಂದು ಈಗ ಯಾರಾದರೂ ಕೇಳಿದರೆ, ಅವಳು ಅವನ ಹೆಸರನ್ನು ಮರೆತಳು, ಅದಕ್ಕೇ ಎಂದು ಹೇಳುತ್ತೇನೆ. ಎಲ್ಲರೂ ತಲೆದೂಗುತ್ತಾರೆ. ನಾನೂ ಕಾಯುತ್ತಿದ್ದೇನೆ. ಎಂದಾದರೊಂದು ದಿನ, ಒಗ್ಗರಣೆಯ ಗಡಿಬಿಡಿಯಲ್ಲಿ, ಕಮಲೆಗೂ ಒಮ್ಮೆ ವೆಂಕಟೇಶಿಗೆ ಆದಂತೆ ಆಗಬಾರದೇ, ತಲೆ ತಗ್ಗಿಸಿ ಅಂಗೈ ನೋಡಿಕೊಳ್ಳಬಾರದೇ ಎಂದು. ಆದರೆ ನಮ್ಮ ಮನೆಯಲ್ಲಿ ಜ್ಞಾಪಕಶಕ್ತಿ ಕೆಟ್ಟಿರುವುದು ನನ್ನೊಬ್ಬನದೇ.