ಇಂಜಿನ್ ಇಲ್ಲದ ಕಾಂಟೆಸ್ಸಾ

ಮುಂಬೈಯ ಕ್ಯಾಂಟೀನು ಮಾರಿ ಕುಂಭಾಶಿಗೆ ಬಂದು ನೆಲೆಸಿದ ವರ್ಷ ರಾಜೇಂದ್ರ ಶೆಟ್ಟರು ಒಂದು ಭೀಷ್ಮ ಪ್ರತಿಜ್ಞೆ ಮಾಡಿದರು. ಓಡಿಸಿದರೆ ಕಾಂಟೆಸ್ಸಾ ಕಾರನ್ನೇ ಓಡಿಸುವುದು. ಅದೂ ಸೊನ್ನೆಯಿಂದ ರಿಪೇರಿ ಮಾಡಿಸಿ, ಶೋರೂಮಿನಿಂದ ಇಳಿದ ದಿನ ಹೇಗಿತ್ತೋ ಹಾಗೆ! ಈ ಘೋಷಣೆ ಹೊರಬಿದ್ದದ್ದು ಅಡುಗೆಮನೆಯಲ್ಲಿ, ಬಂಗುಡೆ ಮೀನು ತೊಳೆಯುತ್ತಿದ್ದ ಹೆಂಡತಿ ಸುಗುಣಳ ಬೆನ್ನ ಹಿಂದೆ. ಸುಗುಣ ತಿರುಗಿ ನೋಡಲಿಲ್ಲ. ಬೆಕ್ಕು ನೋಡಿತು.

ಶೆಟ್ಟರ ಈ ಹುಚ್ಚಿಗೆ ಕಾರಣವಿತ್ತು. ಪ್ರಾಯದಲ್ಲಿ ಅವರು ಕೆಲಸಕ್ಕಿದ್ದ ಹೋಟೆಲಿನ ಧಣಿಗೆ ಒಂದು ಬಿಳಿ ಕಾಂಟೆಸ್ಸಾ ಇತ್ತು. ಹಡಗಿನಂಥ ಮೂತಿ, ಸಿಂಹಾಸನದಂಥ ಸೀಟು. ಬೆಳಿಗ್ಗೆ ಎದ್ದು ಅದನ್ನು ತೊಳೆಯುವುದು ಶೆಟ್ಟರ ಕೆಲಸ. ಒಳಗೆ ಕೂರುವುದು ಧಣಿಯ ನಾಯಿಯ ಕೆಲಸ. ಒಂದು ದಿನ ತಾನೂ ಕೂರುತ್ತೇನೆ ಎಂದು ಬಕೆಟ್ ಹಿಡಿದು ನಿಶ್ಚಯಿಸಿದ್ದರು. ಧಣಿ ತೀರಿಕೊಂಡ ಮೇಲೆ, ಗ್ಯಾರೇಜಿನಲ್ಲಿ ತುಕ್ಕು ಹಿಡಿಯುತ್ತಿದ್ದ ಅದೇ ಕಾರನ್ನು ಕೊಂಡುಕೊಂಡು, ಲಾರಿಯ ಮೇಲೆ ಮಲಗಿಸಿ ಊರಿಗೆ ತಂದರು. ನೋಡಲು ಬಂದವರು ಹೆಣ ನೋಡಲು ಬಂದವರ ಹಾಗೆ ದನಿ ತಗ್ಗಿಸಿ ಮಾತಾಡಿದರು.

ಆಗ ಸಿಕ್ಕವನೇ ರತೀಶ. ಬ್ರಹ್ಮಾವರದ ಹತ್ತಿರ ಹೆದ್ದಾರಿಯ ಬದಿಗೆ ಶೆಡ್ಡು ಹಾಕಿಕೊಂಡು, ಹಳೆಯ ಕಾರುಗಳಿಗೆ ಮರುಜನ್ಮ ಕೊಡುತ್ತೇನೆ ಎಂದು ಬೋರ್ಡು ಬರೆಸಿದ್ದ. ಆತ ಬಂದು ಬಾನೆಟ್ಟಿನ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಆಲಿಸಿದ.

"ಜೀವ ಇತ್ತ್ ಶೆಟ್ರೆ," ಅಂದ.

ಜೀವ ಇದೆ ಎಂಬ ಆ ಒಂದು ಮಾತಿಗೆ ಶೆಟ್ಟರು ಬಿದ್ದರು. ಕಾರನ್ನು ಕೊಟ್ಟರು, ಕೇಳಿದ್ದನ್ನೆಲ್ಲ ಕೊಟ್ಟರು, ಕಣ್ಣೀರು ಒರೆಸಿಕೊಂಡು ಬಸ್ಸು ಹತ್ತಿ ವಾಪಸು ಬಂದರು.

ಅಲ್ಲಿಂದ ಶೆಟ್ಟರ ಬಸ್ ಯಾತ್ರೆ ಶುರುವಾಯಿತು. ಮೊದಮೊದಲು ಹೋದಾಗ ರತೀಶ ಕಾರಿನ ನಟ್ಟು-ಬೋಲ್ಟುಗಳನ್ನು ಬಕೆಟ್ಟಿನಲ್ಲಿ ಹಾಕಿ ತೋರಿಸುತ್ತಿದ್ದ. ಆಮೇಲೆ ಇಂಜಿನ್ ಕೊಲ್ಹಾಪುರಕ್ಕೆ ಹೋಯಿತು. ಅಲ್ಲಿಂದ ಬರಬೇಕಾದ ದಿನ ಲಾರಿ ಮುಷ್ಕರ. ಮುಷ್ಕರ ಮುಗಿದಾಗ ಇಂಜಿನ್ ಬಿಚ್ಚಿದವನ ಅತ್ತೆ ತೀರಿಕೊಂಡಳು. ಆ ಅತ್ತೆ ಮಳೆಗಾಲ ಮುಗಿಯುವುದರೊಳಗೆ ಇನ್ನೊಮ್ಮೆ ತೀರಿಕೊಂಡಳು. ಬಾಕಿ ಕಾರಾದರೂ ಎಲ್ಲಿ ಎಂದರೆ, ಮೂಲೆಯಲ್ಲಿ ಟರ್ಪಾಲು ಹೊದ್ದು ಮಲಗಿರುತ್ತಿತ್ತು. ಹೊಸ ಬಣ್ಣ ಇನ್ನೂ ಹಸಿ, ಧೂಳು ಕೂರುತ್ತದೆ, ಮುಟ್ಟಬಾರದು ಎನ್ನುತ್ತಿದ್ದ. ಒಮ್ಮೆ ಟರ್ಪಾಲಿನ ಕೆಳಗಿನ ಆಕಾರ ಕಾರಿಗಿಂತ ಹೆಚ್ಚಾಗಿ ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ಹಾಗೆ ಕಂಡದ್ದುಂಟು. ಚಕ್ರ ಕಳಚಿದರೆ ಹಾಗೇ ಕಾಣುವುದು ಎಂದ ರತೀಶ. ಶೆಟ್ಟರು ನಂಬಿದರು. ನಂಬದೆ ಇನ್ನೇನು ಮಾಡುವುದು?

ಮನೆಗೆ ಬಂದರೆ ಸುಗುಣಳದ್ದು ಒಂದೇ ಪ್ರಶ್ನೆ.

"ಎಂತ ಅಂದ?"

"ಇಂಜಿನ್ ಇನ್ನೂ ಬಪ್ಪುಕಿತ್ತ್ ಅಂಬ."

"ಅದೂ ನಿಮ್ ಹಾಂಗೆ ಬಸ್ಸಿಗೇ ಬತ್ತಾ?"

ಎರಡನೆಯ ವರ್ಷಕ್ಕೆ ಶೆಟ್ಟರು ಸಿಟ್ಟು ಮಾಡುವುದನ್ನೂ ಬಿಟ್ಟರು. ಸಿಟ್ಟಿಗೂ ಒಂದು ಶಕ್ತಿ ಬೇಕಲ್ಲ! ಸುಮ್ಮನೆ ಶೆಡ್ಡಿನ ಬೆಂಚಿನ ಮೇಲೆ ಕೂತು, ರತೀಶ ತರಿಸಿದ ಚಾ ಕುಡಿದು, ಟರ್ಪಾಲನ್ನು ನೋಡಿ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಮಲಗಿದ ಸಂಬಂಧಿಕರನ್ನು ನೋಡಿ ಬರುವ ಹಾಗೆ.

ಹೀಗಿರುವಾಗ ಪಕ್ಕದ ಮನೆಯ ಚಂದುವಿನ ಮಗಳು ಶ್ರಾವ್ಯಳಿಗೆ ಮದುವೆ ನಿಶ್ಚಯವಾಯಿತು. ಗಂಡಿನ ಕಡೆಯವರು ಕೆರಾಡಿಯವರು. ಮದುವೆ ಕೋಟೇಶ್ವರದ ಕಲ್ಯಾಣ ಮಂಟಪದಲ್ಲಿ. ಶೆಟ್ಟರೂ ಸುಗುಣಳೂ ಬಾಗಿಲಲ್ಲಿ ನಿಂತು ನೆಂಟರಿಗೆ ಪನ್ನೀರು ಚಿಮುಕಿಸುತ್ತಿದ್ದಾಗ, ಮೈತುಂಬ ಮಲ್ಲಿಗೆ ಹೊತ್ತ ಒಂದು ಬಿಳಿ ಕಾಂಟೆಸ್ಸಾ ಗಂಡನ್ನು ಕೂರಿಸಿಕೊಂಡು ಗಂಭೀರವಾಗಿ ಒಳಗೆ ಬಂತು.

"ಹ್ವಾಯ್, ಅದ್ ನಮ್ ಕಾರಲ್ದಾ?" ಎಂದಳು ಸುಗುಣ.

"ನಮ್ ಕಾರಿಗೆ ಇಂಜಿನ್ ಇಲ್ಲೆ."

"ಹಂಗಾರೆ ಇದ್ ಬಂದದ್ದ್ ಹ್ಯಾಂಗೆ?"

ಶೆಟ್ಟರು ಪನ್ನೀರಿನ ದಾನಿ ಹಿಡಿದುಕೊಂಡೇ ಕಾರಿನ ಹತ್ತಿರ ಹೋಗಿ ಒಳಗೆ ಬಗ್ಗಿ ನೋಡಿದರು. ಹಿಂದಿನ ಬಾಗಿಲಿನ ಹಿಡಿಯಲ್ಲಿ ಧಣಿಯ ನಾಯಿ ಕಚ್ಚಿದ ಗುರುತು ಹಾಗೇ ಇತ್ತು. 

ಡ್ರೈವರ್ ತಿಮ್ಮ, ನಡುವಯಸ್ಸಿನ ಸಾಧು ಮನುಷ್ಯ, ಅಭಿಮಾನದಿಂದ ವಿವರಿಸಿದ. ಕಾರು ರತೀಶಣ್ಣನದು. ಬಹಳ ಲಕ್ಕಿನ ಕಾರು. ಇದರಲ್ಲಿ ಕೂತು ಹೋದ ಜೋಡಿಗಳೆಲ್ಲ ಚೆನ್ನಾಗಿದ್ದಾರೆ. ಹೋದ ವರ್ಷದಿಂದ ಬೈಂದೂರಿನವರೆಗೂ ಬಾಡಿಗೆ ಇದೆ, ಈ ವೈಶಾಖವಂತೂ ಪೂರ್ತಿ ಬುಕ್ಕಾಗಿದೆ. ಕಾರು ತನ್ನದು ಎಂದು ಶೆಟ್ಟರು ಸಣ್ಣ ದನಿಯಲ್ಲಿ ಹೇಳಿದರು. ತಿಮ್ಮ ಅವರನ್ನು ನೋಡಿದ, ಆಚೆ ಹೋಗಿ ಮೊಬೈಲಿನಲ್ಲಿ ಮಾತಾಡಿದ, ಬಂದು ಕೀಯನ್ನು ಅವರ ಕೈಯಲ್ಲಿಟ್ಟ.

"ರತೀಶಣ್ಣ ಕೂಡ್ಲೇ ಓಡಿ ಬಾ ಅಂದ್ರ್. ಕಾರ್ ತಕಂಡ್ ಬಾ ಅಂತ ಹೇಳ್ಲಿಲ್ಲೆ."

ಅಷ್ಟು ಹೇಳಿ ಉಡುಪಿಯ ಬಸ್ಸು ಹತ್ತಿದ. ಶೆಟ್ಟರು ರತೀಶನಿಗೆ ಫೋನು ಮಾಡಿದರೆ ಅದು ಸ್ವಿಚ್ ಆಫ್. ಆಮೇಲೂ ಅದು ಆನ್ ಆಗಲಿಲ್ಲ. ಮರುದಿನ ಶೆಡ್ಡಿಗೆ ಹೋದವರಿಗೆ ಸಿಕ್ಕಿದ್ದು ಟರ್ಪಾಲು ಹೊದ್ದ ಡ್ರಮ್ಮುಗಳು ಮಾತ್ರ.

ಅಂದು ಮದುವೆಯ ಊಟ ಮುಗಿಯುತ್ತಿದ್ದಂತೆ ಹೆಣ್ಣು ಒಪ್ಪಿಸುವ ಹೊತ್ತಾಯಿತು. ಚಂದು ಬೇರೆ ಕಾರಿಗಾಗಿ ಊರೆಲ್ಲ ಫೋನು ಮಾಡಿದ. ವೈಶಾಖದಲ್ಲಿ ಕಾರು ಸಿಗುತ್ತದೆಯೇ? ಶೆಟ್ಟರಿಗೋ ಮಲ್ಲಿಗೆಯನ್ನೆಲ್ಲ ಕಿತ್ತೆಸೆದು ಕಾರನ್ನು ಮನೆಗೆ ಒಯ್ದು ಬಾಗಿಲು ಹಾಕಿಕೊಂಡರೆ ಸಾಕಾಗಿತ್ತು. ಸುಗುಣ ಅವರ ಕೈಯಲ್ಲಿದ್ದ ಕೀಯನ್ನು ನೋಡಿದಳು.

"ಹೆಣ್ಣ್ ಬಾಗ್ಲ್ ಹತ್ರ ನಿಂತಿತ್ತ್. ನೀವ್ ಕಾರ್ ತಕಂಡ್ ಮನಿಗೆ ಹೋತ್ರಿಯಾ?"

ಹೀಗೆ ಶೆಟ್ಟರು ಜೀವನದಲ್ಲಿ ಮೊದಲ ಸಲ ಕಾಂಟೆಸ್ಸಾದ ಸ್ಟೇರಿಂಗಿನ ಮುಂದೆ ಕೂತರು. ಹಿಂದೆ ಮದುಮಗ ಅಜಿತ್, ಮದುಮಗಳು ಶ್ರಾವ್ಯ, ಪಕ್ಕದಲ್ಲಿ ಸುಗುಣ. ಕೀ ತಿರುಗಿಸಿದರು. ಧಣಿಯ ಕಾರು ಗುಟುರು ಹಾಕುತ್ತಿದ್ದದ್ದು ಅವರ ಕಿವಿಯಲ್ಲಿ ಇನ್ನೂ ಇತ್ತು. ಇದು ಗುಟುರು ಹಾಕಲಿಲ್ಲ, ಗಡಗಡಗಡ ಎಂದು ಅಲ್ಲಾಡಿತು. ಸುಗುಣಳ ಮುಡಿಯ ಹೂವು ಮಡಿಲಿಗೆ ಬಿತ್ತು. ಹಾರ್ನು ಒತ್ತಿದರೆ ಪ್ವಾಂಕ್ ಪ್ವಾಂಕ್ ಎಂದು ಹೆದ್ದಾರಿಯನ್ನೇ ಸೀಳಿತು.

ವಂಡ್ಸೆ ದಾಟಿ ರಸ್ತೆ ತಿರುವುಮುರುವಾದ ಮೇಲೆ ಹಾರ್ನು ಒತ್ತದೆ ಉಪಾಯವಿರಲಿಲ್ಲ. ಒತ್ತಿದ ಕೂಡಲೇ ಮನೆಗಳಿಂದ ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರತೊಡಗಿದರು. ಅವರ ಹಿಂದೆ ಬೆಕ್ಕುಗಳು. ದಿಬ್ಬಣ ಕಂಡು ಅವರು ತಬ್ಬಿಬ್ಬಾದರೆ, ಅವರನ್ನು ಕಂಡು ಶೆಟ್ಟರು ತಬ್ಬಿಬ್ಬಾದರು. ಒಂದು ಏರಿನಲ್ಲಿ ಕಾರು ಉಸಿರು ಕಟ್ಟಿ ನಿಂತಾಗ ಒಬ್ಬಾಕೆ ಕಿಟಕಿಯ ಹತ್ತಿರವೇ ಬಂದಳು.

"ಎಂತ ಮೀನಿತ್ತ್ ಇವತ್ತ್?"

ಶೆಟ್ಟರು ಇಳಿದು ಬಾನೆಟ್ಟು ಎತ್ತಿದರು. ಕೊಲ್ಹಾಪುರಕ್ಕೆ ಹೋದ ಇಂಜಿನ್ ಅಲ್ಲಿಯೇ ಉಳಿದಿತ್ತು. ಅದರ ಜಾಗದಲ್ಲಿ ಮನೆಮನೆಗೆ ಮೀನು ಮಾರುವ ಯಾವುದೋ ಟೆಂಪೋದ ಇಂಜಿನ್ನು, ಹಾರ್ನಿನ ಸಮೇತ, ಹಗ್ಗದಲ್ಲಿ ಬಿಗಿದು ಕೂತಿತ್ತು. ಒಂದು ಮೂಲೆಯಲ್ಲಿ ಮೀನಿನ ಪೊರೆ ಕೂಡ ಅಂಟಿಕೊಂಡಿತ್ತು. ಶೆಟ್ಟರಿಗೆ ಅಳು ಬರಲಿಲ್ಲ, ನಿದ್ರೆ ಬಂತು. ಅಲ್ಲೇ ದಾರಿಬದಿಯ ಕಲ್ಲಿನ ಮೇಲೆ ಮಲಗಿಬಿಡೋಣವೇ ಅನಿಸಿತು. ಮದುಮಗ ಪೇಟ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಪಂಚೆ ಎತ್ತಿಕಟ್ಟಿ, ಹಿಂದಿನಿಂದ ನೂಕತೊಡಗಿದ. ಶ್ರಾವ್ಯ ಅಳುತ್ತಿದ್ದವಳು ಯಾವಾಗ ನಗಲು ಶುರುಮಾಡಿದಳೋ, ಕೆರಾಡಿ ಬರುವವರೆಗೂ ನಗು ನಿಲ್ಲಲಿಲ್ಲ.

ಗಂಡಿನ ಮನೆಯಲ್ಲಿ ಹೆಣ್ಣನ್ನೂ ಸುಗುಣಳನ್ನೂ ಒಳಗೆ ಕರೆದೊಯ್ದರು. ಶೆಟ್ಟರನ್ನು ವ್ಯಾನಿನ ಡ್ರೈವರುಗಳ ಜೊತೆ ಜಗಲಿಯ ತುದಿಯಲ್ಲಿ ಕೂರಿಸಿ ಪಾಯಸ ಕೊಟ್ಟರು. ತಾನು ಮುಂಬೈಯಲ್ಲಿ ಕ್ಯಾಂಟೀನು ನಡೆಸಿದವನು, ಈ ಕಾರಿನ ಒಡೆಯ ಎಂದು ಹೇಳಲು ಶೆಟ್ಟರು ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಪಾಯಸ ಬಡಿಸಿದರು.

ಹೊರಡುವ ಹೊತ್ತಿಗೆ ಮದುಮಗನ ತಂದೆ ಹೊರಗೆ ಬಂದು ಶೆಟ್ಟರ ಬೆನ್ನು ತಟ್ಟಿದರು. ಹಳೆಯ ಡ್ರೈವರ್ ಭಯಂಕರ ಸ್ಪೀಡು, ಇವರದ್ದು ಬಹಳ ಜಾಗ್ರತೆ ಎಂದು ಮೆಚ್ಚಿದರು. ಆಷಾಢ ಬರುವುದರೊಳಗೆ ತಮ್ಮನ ಮಗಳದ್ದೂ ಒಂದು ಮದುವೆ ಇದೆಯಂತೆ. ಇದೇ ಕಾರು, ಇದೇ ಡ್ರೈವರ್ ಆಗಬೇಕಂತೆ. ಆಮೇಲೆ ಸ್ವಲ್ಪ ಅನುಮಾನದಿಂದ ಸುಗುಣಳ ಕಡೆ ತಿರುಗಿದರು.

"ಇವ್ರನ್ನ ಕಳ್ಸುಕೆ ಓನರ್ ಒಪ್ತ್ರಾ ಅಮ್ಮ?"

ಸುಗುಣ ಕಾರಿನ ಬಾಗಿಲು ತೆರೆದು, ಹಿಂದಿನ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಳು.

"ಓನರಿನ ಹತ್ರ ನಾನ್ ಮಾತಾಡ್ತೆ," ಎಂದಳು. "ನೀವ್ ದಿನ ಹೇಳಿ."